ಬಿಳಿಚಿದ ಸಸಿಗಳು ಮತ್ತು ಹಸುರಿನ ವಾರಸಿಕೆ

ಒಟ್ಟಲುಪಾತಿಯಲ್ಲಿ ಬಿತ್ತಿದ ಬೀಜವು ಮೊಳೆತು ಮೇಲೆ ಬಂದಾಗ ಹಸುರು ಸಸಿಗಳ ನಡುವೆ ಅಲ್ಲೊಂದು ಇಲ್ಲೊಂದು ಹಾಲಿನಂತೆ ಬಿಳುಪಾದ ಸಸಿ ಕಾಣಿಸಿಕೊಳ್ಳುವುದು ಬೇಸಾಯಗಾರರಿಗೆ ಹೊಸದಲ್ಲ. ಬತ್ತದ ಒಟ್ಟಲಿನಲ್ಲಿಯೂ, ಮುಸುಕಿನ ಜೋಳದ ಸಾಲಿನಲ್ಲಿಯೂ, ಹೂದೋಟದ ಕುಂಡಗಳಲ್ಲಿಯೂ ಇಂತಹವು ಹುಟ್ಟುವುದುಂಟು. ಬೀಜದೊಳಗೆ ತಾಯಿಗಿಡವು ಕಟ್ಟಿಕೊಟ್ಟ ಬುತ್ತಿಯನ್ನು ಉಂಡು ಅವು ಕೆಲವು ದಿನ ಬದುಕಿದ್ದು, ಬುತ್ತಿ ತೀರಿದೊಡನೆ ಬಾಡಿ ಬಿದ್ದುಹೋಗುವುವು. ಇದನ್ನು ನೋಡಿದವರಲ್ಲಿ ಕೆಲವರು ದೃಷ್ಟಿ ತಾಗಿತೆನ್ನುವರು. ಕೆಲವರು ಗೊಬ್ಬರದ ಕೊರತೆಯೆನ್ನುವರು. ಹಲವರು ಬೀಜ ಮಾರಿದವನನ್ನು ದೂಷಿಸುವರು. ಎರಡನೆಯವರ ಮಾತಿನಲ್ಲಿ ಕೆಲವು ವೇಳೆ ಸತ್ಯಾಂಶವಿರುವುದು. ಮೂರನೆಯವರ ಮಾತು ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸಲು ಬಿಳುಪಿನ ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ತಿಳಿದಿರಬೇಕು. ಊರಿನ ವ್ಯಾಜ್ಯಗಳನ್ನು ಬಗೆಹರಿಸುವ ಹಿರಿಯರಿಗೂ, ಬೀಜೋತ್ಪತ್ತಿಗೆ ಜಮೀನನ್ನು ಒಪ್ಪಂದದ ಮೇಲೆ ಕೊಡುವ ಭೂಮಾಲೀಕರಿಗೂ ಈ ತಿಳಿವಳಿಕೆಯು ಉಪಯುಕ್ತವಾಗಿರುವುದು.

ಮೊದಲನೆಯ ಬಗೆಯ ಬಿಳುಪು ಭೂಮಿಯಿಂದ ಬರತಕ್ಕದ್ದು. ನೀರು ನಿಲ್ಲಿಸದೆ ಒಣ ಒಟ್ಟಲು ಹಾಕಿದಾಗ, ಅದರಲ್ಲಿಯೂ ಸುಣ್ಣದಂಶ ಹೆಚ್ಚಾದ ಭೂಮಿಯಲ್ಲಿ, ಕಬ್ಬಿಣದ ಅಂಶವು ಬೇರಿಗೆ ದೊರೆಯದೆ ಬತ್ತದ ಹೊಸ ಎಲೆಗಳು ಬಿಳಿಚುವುವು. ಇಲ್ಲಿ ಒಂದು ಸಸಿ ಬಿಳಿದು, ಪಕ್ಕದ ಸಸಿ ಕಡು ಹಸುರು ಎಂಬ ಭೇದವಿರುವುದಿಲ್ಲ. ಪಾತಿಯ ಒಂದು ಮಗ್ಗುಲೇ ಒಟ್ಟಾಗಿ ಬಿಳಿಚುವುದು. ನೂರು ಲೀಟರು ನೀರಿಗೆ ಅರ್ಧ ಕಿಲೋಗ್ರಾಂ ಅನ್ನಭೇದಿಯನ್ನೂ ಕಾಲು ಕಿಲೋಗ್ರಾಂ ಸುಣ್ಣವನ್ನೂ ಕರಗಿಸಿ ಸೋಸಿ ಸಿಂಪಡಿಸಿದರೆ ಮುಂದೆ ಬರುವ ಎಲೆಗಳು ಹಸುರಾಗುವುವು. ಮದ್ದಿಗೆ ಬಗ್ಗುವ ಬಿಳುಪು ಇದೊಂದೇ.

ಎರಡನೆಯದು ಮೆಂಡೆಲ್ ಎಂಬ ಪಾದ್ರಿಯು ಬಟಾಣಿಯ ಗಿಡಗಳಲ್ಲಿ ಕಂಡುಹಿಡಿದ ನಿಯಮಕ್ಕೆ ಒಳಪಟ್ಟದ್ದು. ತಂದೆ ತಾಯಿ ಗಿಡಗಳೆರಡೂ ನೋಡಲು ಹಸುರಾಗಿದ್ದು, ಎರಡೂ ತಮ್ಮೊಳಗೆ ಒಂದೇ ದೋಷವನ್ನು ಅಡಗಿಸಿಕೊಂಡಿದ್ದರೆ, ಅವುಗಳ ಸಂತಾನದಲ್ಲಿ ಹೆಚ್ಚು ಕಡಮೆ ನಾಲ್ಕರಲ್ಲಿ ಒಂದು ಸಸಿಯು ಬಿಳಿದಾಗಿ ಹುಟ್ಟುವುದು. ಇಲ್ಲಿ ಯಾವುದನ್ನು ಗಂಡುಮಾಡಿದರೂ ಯಾವುದನ್ನು ಹೆಣ್ಣುಮಾಡಿದರೂ ಲೆಕ್ಕವು ಒಂದೇ.

ಮೂರನೆಯದು ಇವೆರಡಕ್ಕಿಂತ ವಿಲಕ್ಷಣವಾದುದು. ತಂದೆಯ ಗಿಡವೂ ನಿರ್ದೋಷಿ, ತಾಯಿಯ ಗಿಡವೂ ನಿರ್ದೋಷಿ, ಭೂಮಿಯಲ್ಲಿ ಕೊರತೆಯಿಲ್ಲ, ಆದರೂ ಇಬ್ಬರಿಗೂ ಹುಟ್ಟಿದ ಸಂಕರದ ಸಸಿಯು ಬಿಳಿಚಿ ಸಾಯುವುದು. ಗಂಡುಹೆಣ್ಣುಗಳನ್ನು ಅದಲುಬದಲು ಮಾಡಿ ಕೂಡಿಸಿದರೆ, ಅದೇ ಎರಡು ಗಿಡಗಳಿಗೆ ಸೊಂಪಾದ ಹಸುರು ಸಸಿಗಳು ಹುಟ್ಟುವುದುಂಟು. ಇದರ ಮರ್ಮವು ಹೊಲದ ಪೈರುಗಳಿಂದಲ್ಲ, ಅಲಂಕಾರದ ಹೂಗಿಡಗಳಿಂದ ಹೊರಬಿದ್ದಿತು. ಹೂಗಿಡಗಳ ವಿಚಾರವು ಶ್ರೀಮಂತರ ವಿನೋದವೆಂದು ಬದಿಗೊತ್ತುವವರು ಉಂಟು. ಮುಂದಿನ ವೃತ್ತಾಂತವು ಅವರಿಗಾಗಿಯೂ ಇರುವುದು.

ಎಲೆಯ ಹಸುರು ಬಣ್ಣವು ಎಲೆಯಲ್ಲೆಲ್ಲಾ ನೀರಿನಂತೆ ಹರಡಿಕೊಂಡಿರುವುದಿಲ್ಲ. ಎಲೆಯ ಒಂದೊಂದು ಜೀವಕಣದೊಳಗೆ ಹತ್ತಾರು, ಕೆಲವು ಗಿಡಗಳಲ್ಲಿ ನೂರಕ್ಕೂ ಮೇಲ್ಪಟ್ಟು, ಸಣ್ಣ ಹಸುರು ಬಿಲ್ಲೆಗಳಿರುವುವು. ಇವಕ್ಕೆ ಹರಿತ್ಕಣಗಳೆಂದು ಹೆಸರು. ಸೂರ್ಯನ ಬೆಳಕನ್ನು ಹಿಡಿದು ಗಾಳಿಯಲ್ಲಿನ ಇಂಗಾಲವನ್ನು ಸಕ್ಕರೆಯಾಗಿ ಮಾರ್ಪಡಿಸುವ ಕೆಲಸವೆಲ್ಲವೂ ಇವುಗಳದೇ. ಇವುಗಳನ್ನು ಗಿಡವು ಹೊಸದಾಗಿ ಸೃಷ್ಟಿಸಿಕೊಳ್ಳಲಾರದು. ಹಳೆಯ ಹರಿತ್ಕಣವು ಎರಡಾಗಿ ಒಡೆದೇ ಹೊಸದು ಬರಬೇಕು. ಹೆಪ್ಪಿಲ್ಲದೆ ಮೊಸರಾಗದ ಹಾಗೆ. ಅಷ್ಟೇ ಅಲ್ಲದೆ, ಹರಿತ್ಕಣದೊಳಗೆ ಅದರದೇ ಆದ ಆನುವಂಶಿಕ ದ್ರವ್ಯವೂ ಉಂಟೆಂಬುದು ೧೯೬೨-೬೩ರ ಸುಮಾರಿನಲ್ಲಿ ಸ್ಪಷ್ಟವಾಯಿತು. ೧೯೮೬ರಲ್ಲಿ ಜಪಾನಿನ ವಿದ್ವಾಂಸರು ಹೊಗೆಸೊಪ್ಪಿನ ಹರಿತ್ಕಣದ ಈ ದ್ರವ್ಯವನ್ನು ಆದ್ಯಂತವಾಗಿ ಓದಿ, ಅದು ಸುಮಾರು ೧,೫೬,೦೦೦ ಅಕ್ಷರಗಳ ಒಂದು ಲಿಪಿಯೆಂದು ತೋರಿಸಿದರು.

ಹೀಗೆ ಸ್ವಂತ ದಸ್ತಾವೇಜನ್ನು ಇಟ್ಟುಕೊಂಡಿದ್ದರೂ ಹರಿತ್ಕಣವು ಸ್ವತಂತ್ರವಲ್ಲ. ಅದರ ಕಟ್ಟಡಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಭಾಗವು ಜೀವಕಣದ ಮಧ್ಯದಲ್ಲಿರುವ ಕಣಕೇಂದ್ರದ ಅಪ್ಪಣೆಯಂತೆ ತಯಾರಾಗಿ ಹೊರಗಿನಿಂದ ಬರತಕ್ಕದ್ದು. ಇಂಗಾಲವನ್ನು ಹಿಡಿಯುವ ಮುಖ್ಯ ಯಂತ್ರವನ್ನೇ ನೋಡಬಹುದು. ಅದರಲ್ಲಿ ಎಂಟು ದೊಡ್ಡ ಬಿಡಿಭಾಗಗಳೂ ಎಂಟು ಸಣ್ಣ ಬಿಡಿಭಾಗಗಳೂ ಇರುವುವು. ದೊಡ್ಡವನ್ನು ಹರಿತ್ಕಣವು ತನ್ನಲ್ಲಿಯೇ ಮಾಡಿಕೊಳ್ಳುವುದು. ಸಣ್ಣವು ಕಣಕೇಂದ್ರದ ಲೆಕ್ಕದಲ್ಲಿ ಬರುವುವು. ನೊಗದ ಎಡಗಡೆಯ ಎತ್ತು ಒಬ್ಬನದು, ಬಲಗಡೆಯ ಎತ್ತು ಮತ್ತೊಬ್ಬನದು ಎಂಬಂತೆ. ಬಹುಕಾಲ ಜೊತೆಯಲ್ಲಿ ಉತ್ತ ಎತ್ತುಗಳು ಒಂದರ ನಡಗೆಗೆ ಇನ್ನೊಂದು ಹೊಂದಿಕೊಂಡಿರುವುವು. ಅವುಗಳಲ್ಲಿ ಒಂದನ್ನು ಬಿಡಿಸಿ ಪರಸ್ಥಳದ ಎತ್ತನ್ನು ಕಟ್ಟಿದರೆ, ಎರಡೂ ಒಳ್ಳೆಯ ಎತ್ತುಗಳೇ ಆಗಿದ್ದರೂ, ಸಾಲು ಸೊಟ್ಟಾಗುವುದು. ಸಂಕರದಲ್ಲಿ ಬಿಳಿಚುವ ಸಸಿಯ ಕಥೆಯೂ ಇದೇ.

ಈ ಎರಡು ಆಸ್ತಿಗಳು ಮಕ್ಕಳಿಗೆ ಬರುವ ಕ್ರಮವೂ ಬೇರೆ ಬೇರೆ. ಕಣಕೇಂದ್ರದ ಆಸ್ತಿಯು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುವುದು. ಹರಿತ್ಕಣಗಳಾದರೋ ಬಹುಪಾಲು ಹೂಗಿಡಗಳಲ್ಲಿ ತಾಯಿಯಿಂದ ಮಾತ್ರ ಬರುವುವು. ಪರಾಗದ ಮೂಲಕ ತಂದೆಯ ಪಾಲು ಬರುವುದೇ ಇಲ್ಲ. ಹಿಂದೆ ದಕ್ಷಿಣ ಕನ್ನಡದ ಸೀಮೆಯಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನದ ಕಟ್ಟನ್ನು ತಿಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಎಲ್ಲ ಗಿಡಗಳೂ ಈ ಕಟ್ಟಿಗೆ ಸೇರಿದವಲ್ಲ. ೧೯೮೮ರಲ್ಲಿ ಅಮೆರಿಕಾದ ಇಬ್ಬರು ವಿದ್ವಾಂಸರು ಇನ್ನೂರಕ್ಕೂ ಮಿಕ್ಕ ಜಾತಿಗಳ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸುಮಾರು ಐದರಲ್ಲಿ ಒಂದು ಜಾತಿಯಲ್ಲಿ ತಂದೆಯ ಕಡೆಯ ಹರಿತ್ಕಣಗಳೂ ಸಂತಾನಕ್ಕೆ ಇಳಿಯುವ ಸಂಭವವುಂಟೆಂದು ಕಂಡರು. ಕುಂಡಗಳಲ್ಲಿ ಬೆಳೆಸುವ ಜೆರೇನಿಯಂ ಅಂತಹದೊಂದು. ದೇವದಾರು, ಪೈನ್ ಮೊದಲಾದ ಸೂಚಿಪರ್ಣದ ಮರಗಳಲ್ಲಿ ಇದು ತಲೆಕೆಳಗಾಗಿ, ತಂದೆಯ ಕಡೆಯಿಂದಲೇ ಬರುವುದು ವಾಡಿಕೆ.

ಇದನ್ನು ಮೊದಲು ಲೆಕ್ಕವಿಟ್ಟು ತೋರಿಸಿದ ಗಿಡವು ನಮ್ಮ ನಾಡಿನ ಹಿತ್ತಲುಗಳಲ್ಲಿ ಕಾಡಿನಂತೆ ಬೆಳೆಯುವ ಸಂಜೆಮಲ್ಲಿಗೆಯೇ. ಇದರ ತವರು ಅಮೆರಿಕಾ ಖಂಡದ ಉಷ್ಣಪ್ರದೇಶ. ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ವಿದ್ವಾಂಸನು, ೧೯೦೦ರಲ್ಲಿ ಮೆಂಡೆಲನ ಮರೆತುಹೋದ ನಿಯಮಗಳನ್ನು ಪುನಃ ಬೆಳಕಿಗೆ ತಂದವರಲ್ಲಿ ಒಬ್ಬನು, ಎಲೆಗಳಲ್ಲಿ ಬಿಳಿಯ ಮಚ್ಚೆಗಳುಳ್ಳ ಒಂದು ಸಂಜೆಮಲ್ಲಿಗೆಯನ್ನು ತೆಗೆದುಕೊಂಡನು. ಆ ಗಿಡದಲ್ಲಿ ಕೆಲವು ಕೊಂಬೆಗಳು ಪೂರ್ತಿ ಹಸುರು, ಕೆಲವು ಪೂರ್ತಿ ಬಿಳಿದು, ಉಳಿದವು ಮಚ್ಚೆಯವು. ಮೂರು ಬಗೆಯ ಕೊಂಬೆಗಳಲ್ಲಿಯೂ ಹೂ ಬಿಡುತ್ತಿದ್ದುವು. ಅವನು ಒಂದು ಬಗೆಯ ಕೊಂಬೆಯ ಹೂವಿಗೆ ಇನ್ನೊಂದು ಬಗೆಯ ಕೊಂಬೆಯ ಪರಾಗವನ್ನು ಮುಟ್ಟಿಸಿ, ಬೀಜಗಳನ್ನು ಬೇರೆ ಬೇರೆಯಾಗಿ ಬಿತ್ತಿ, ೧೯೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಹಸುರು ಕೊಂಬೆಯ ಹೂವಿಗೆ ಯಾವ ಪರಾಗ ತಗುಲಿದರೂ ಸಸಿಗಳು ಹಸುರೇ. ಬಿಳಿಯ ಕೊಂಬೆಯ ಹೂವಿಗೆ ಹಸುರು ಕೊಂಬೆಯ ಪರಾಗವನ್ನೇ ಕೊಟ್ಟರೂ ಸಸಿಗಳು ಬಿಳಿದೇ, ಅವೆಲ್ಲವೂ ಸತ್ತುವು. ಮಚ್ಚೆಯ ಕೊಂಬೆಯ ಬೀಜದಿಂದ ಮೂರು ಬಗೆಯ ಸಸಿಗಳೂ ಹುಟ್ಟಿದುವು. ತಂದೆಯ ಬಣ್ಣಕ್ಕೆ ಬೆಲೆಯೇ ಇಲ್ಲದಾಯಿತು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸತಕ್ಕದ್ದಿದೆ. ಸಂಜೆಮಲ್ಲಿಗೆಯ ಹೂವಿನಲ್ಲಿಯೂ ಕೆಂಪು ಹಳದಿ ಪಟ್ಟೆಗಳು ಬರುವುದನ್ನು ಎಲ್ಲರೂ ಕಂಡಿರುವರು. ಆ ಪಟ್ಟೆಗೂ ಎಲೆಯ ಮಚ್ಚೆಗೂ ಸಂಬಂಧವಿಲ್ಲ. ಹೂವಿನ ಬಣ್ಣವು ಕಣಕೇಂದ್ರದ ವಿಚಾರ. ಅದಕ್ಕೆ ತಂದೆ ತಾಯಿ ಇಬ್ಬರೂ ಬಾಧ್ಯರು.

ಅದೇ ೧೯೦೯ರಲ್ಲಿ ಎರ್ವಿನ್ ಬೌರ್ ಎಂಬ ಮತ್ತೊಬ್ಬ ಜರ್ಮನ್ ವಿದ್ವಾಂಸನು ಬಿಳಿಯ ಅಂಚಿನ ಎಲೆಯ ಜೆರೇನಿಯಂ ಗಿಡವನ್ನು ಹಸುರು ಜೆರೇನಿಯಮ್ಮಿನೊಡನೆ ಕೂಡಿಸಿದನು. ಅವನಿಗೆ ಯಾವುದನ್ನು ಹೆಣ್ಣುಮಾಡಿದರೂ ಹಸುರು, ಬಿಳಿದು, ಮಚ್ಚೆ ಎಂಬ ಮೂರು ಬಗೆಯ ಸಸಿಗಳೂ ದೊರೆತುವು. ಬೌರನು ಇದನ್ನು ಹೀಗೆ ಅರ್ಥಮಾಡಿದನು: ಜೆರೇನಿಯಂ ಜಾತಿಯಲ್ಲಿ ತಂದೆಯ ಹರಿತ್ಕಣಗಳೂ ತಾಯಿಯ ಹರಿತ್ಕಣಗಳೂ ಒಂದೇ ಬೀಜದಲ್ಲಿ ಸೇರುವುವು, ಗಿಡ ಬೆಳೆದಂತೆ ಅವು ಜೀವಕಣಗಳಲ್ಲಿ ಹಂಚಿಹೋಗಿ, ಕಡೆಗೆ ಒಂದು ಕಣದಲ್ಲಿ ಬರಿಯ ಹಸುರು, ಇನ್ನೊಂದರಲ್ಲಿ ಬರಿಯ ಬಿಳಿದು ಉಳಿಯುವುದು. ಅಣ್ಣತಮ್ಮಂದಿರು ಕಪ್ಪು ಬಿಳಿದು ಬೆರೆತ ಒಂದು ಮಂದೆಯನ್ನು ಕಣ್ಣುಮುಚ್ಚಿ ಎರಡು ಪಾಲು ಮಾಡಿಕೊಂಡು, ಪಾಲುಗಳು ಕರುಹಾಕಿ ಬೆಳೆದ ಮೇಲೆ ಅವರ ಮಕ್ಕಳು ಪುನಃ ಪಾಲುಮಾಡಿಕೊಂಡು, ಹೀಗೆಯೇ ತಲೆತಲಾಂತರ ನಡೆದರೆ, ಕಡೆಗೆ ಒಂದು ಮನೆಯಲ್ಲಿ ಕಪ್ಪು ದನಗಳೇ, ಮತ್ತೊಂದರಲ್ಲಿ ಬಿಳಿಯ ದನಗಳೇ ನಿಲ್ಲುವುದಲ್ಲವೆ? ಮಚ್ಚೆಯ ಎಲೆಯೆಂದರೆ ಹೀಗೆ ಪಾಲಾದ ಮನೆಗಳ ನಕ್ಷೆ. ಕೊರೆನ್ಸನು ಹರಿತ್ಕಣಗಳೇ ಆಸ್ತಿಯ ವಾಹಕಗಳೆಂದು ಒಪ್ಪದೆ, ಅವುಗಳ ಸುತ್ತಲಿನ ಜೀವರಸದ ಅಸ್ವಸ್ಥತೆಯೇ ಕಾರಣವಿರಬಹುದೆಂದು ಭಾವಿಸಿದ್ದನು. ಕಾಲಾಂತರದಲ್ಲಿ ಬೌರನ ಪಕ್ಷವೇ ಗೆದ್ದಿತು.

ಇಷ್ಟರವರೆಗಿನ ಬಿಳುಪಿನಲ್ಲಿ ಹರಿತ್ಕಣವೇ ಕೆಟ್ಟದ್ದು. ಕೆಡದ ಹರಿತ್ಕಣವೂ ಬಿಳಿಚಬಲ್ಲದೆಂಬುದನ್ನು ತೋರಿಸಿದವನು ಆಟೊ ರೆನ್ನರ್. ಅವನ ಗಿಡವು ಈನೋಥೆರ, ಎಂದರೆ ಸಂಜೆಯಲ್ಲಿ ಹಳದಿಯ ಹೂ ಬಿಡುವ ಅಮೆರಿಕಾದ ಒಂದು ಕಳೆಗಿಡ. ಯೂರೋಪಿನ ತೋಟಗಳಲ್ಲಿ ಇದನ್ನು ಅಂದಕ್ಕಾಗಿ ಬೆಳೆಸುವರು. ರೆನ್ನರನು ಇದರ ಭಿನ್ನ ಜಾತಿಗಳನ್ನು ಎರಡು ಕಡೆಯಿಂದಲೂ ಕೂಡಿಸಿ, ಕಣಕೇಂದ್ರದ ಆಸ್ತಿ ಒಂದೇ ಆಗಿದ್ದು ಹರಿತ್ಕಣ ಮಾತ್ರ ಬೇರೆಯಾಗಿರುವ ಸಂಕರಗಳನ್ನು ಪಡೆದನು. ಒಂದು ಜಾತಿಯನ್ನು ತಾಯಿಯಾಗಿ ಮಾಡಿದಾಗ ಸಸಿಗಳು ಹಸುರು. ಇನ್ನೊಂದನ್ನು ತಾಯಿಯಾಗಿ ಮಾಡಿದಾಗ ಹಳದಿಯಾಗಿ ಸೊರಗಿದುವು. ಈ ಸೊರಗಿದ ಸಸಿಗಳಲ್ಲಿ ಕೆಲವಕ್ಕೆ ಅಲ್ಲಲ್ಲಿ ಒಂದೊಂದು ಹಸುರು ಪಟ್ಟೆ ಕಾಣಿಸಿತು. ಪರಾಗದ ಮೂಲಕ ನುಸುಳಿಬಂದ ತಂದೆಯ ಕಡೆಯ ಹರಿತ್ಕಣಗಳು ಅಲ್ಲಿ ತಳವೂರಿದ್ದುವು. ಇದಕ್ಕಿಂತ ಆಶ್ಚರ್ಯಕರವಾದುದು ಮತ್ತೊಂದುಂಟು. ಪರರ ಕಣಕೇಂದ್ರದ ಜೊತೆಯಲ್ಲಿದ್ದು ಬಿಳಿಚಿದ ಹರಿತ್ಕಣಗಳನ್ನು ಮುಂದಿನ ಕೂಟಗಳಿಂದ ಅವುಗಳ ಸ್ವಂತ ಜಾತಿಯ ಕಣಕೇಂದ್ರದೊಡನೆ ಸೇರಿಸಿದರೆ, ಏನೂ ಆಗದವುಗಳಂತೆ ಪುನಃ ಹಸುರಾದುವು. ರೋಗವು ಹರಿತ್ಕಣದಲ್ಲಿಯೂ ಇರಲಿಲ್ಲ, ಕಣಕೇಂದ್ರದಲ್ಲಿಯೂ ಇರಲಿಲ್ಲ, ಅವೆರಡರ ಸಂಬಂಧದಲ್ಲಿತ್ತು. ಹರಿತ್ಕಣಗಳ ಆನುವಂಶಿಕ ಆಸ್ತಿಯ ಮೊತ್ತಕ್ಕೆ ರೆನ್ನರನು ೧೯೩೪ರಲ್ಲಿ ಪ್ಲಾಸ್ಟೋಮ್ ಎಂದು ಹೆಸರಿಟ್ಟನು. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಅವನ ತರುವಾಯ ವಿಲ್ಫ್ರೀಡ್ ಸ್ಟುಬ್ಬೆಯು ೧೯೫೯ರಲ್ಲಿ ಈ ಗಿಡಗಳಲ್ಲಿ ಕಣಕೇಂದ್ರಗಳು ಮೂರು ಬಗೆ, ಹರಿತ್ಕಣಗಳು ಐದು ಬಗೆ ಎಂದು ವಿಂಗಡಿಸಿ, ಯಾವುದು ಯಾವುದಕ್ಕೆ ಒಗ್ಗುವುದು, ಯಾವುದು ಒಗ್ಗದೆಂಬ ಕೋಷ್ಟಕವನ್ನು ಸಿದ್ಧಪಡಿಸಿದನು. ಮದುವೆಗೆ ಮುಂಚೆ ಜಾತಕಗಳನ್ನು ಹೊಂದಿಸಿ ನೋಡುವ ಪಂಚಾಂಗದವರ ಕೋಷ್ಟಕಕ್ಕೆ ಇದನ್ನು ಹೋಲಿಸಬಹುದು. ಭೇದವೇನೆಂದರೆ ಇಲ್ಲಿ ಒಂದೊಂದು ಅಂಕಣವೂ ಬಿತ್ತಿ ನೋಡಿ ತುಂಬಿದ್ದು. ೨೦೦೮ರಲ್ಲಿ ಆ ಐದು ಬಗೆಯ ಹರಿತ್ಕಣಗಳ ಲಿಪಿಯನ್ನೂ ಪೂರ್ಣವಾಗಿ ಓದಲಾಯಿತು. ಜರ್ಮನಿಯ ಗೋಲ್ಮ್ ಎಂಬಲ್ಲಿನ ಸಂಶೋಧಕರು ೨೦೨೧ರಲ್ಲಿ, ಒಂದು ಒಗ್ಗದ ಜೋಡಿಯಲ್ಲಿ ತಪ್ಪು ಎಲ್ಲಿರುವುದೆಂಬುದನ್ನು ಬೆರಳಿಟ್ಟು ತೋರಿಸಿದರು: ಬೆಳಕನ್ನು ಹಿಡಿಯುವ ಯಂತ್ರದ ಒಂದು ಭಾಗಕ್ಕೆ ಅಪ್ಪಣೆ ಕೊಡುವ ಜಾಗದಲ್ಲಿ ಅಕ್ಷರಗಳ ಒಂದು ಸಣ್ಣ ವ್ಯತ್ಯಾಸ. ಆ ಜೋಡಿಯ ಗಿಡವು ಮಂದ ಬೆಳಕಿನಲ್ಲಿ ಬದುಕುವುದು. ಪ್ರಖರವಾದ ಬೆಳಕಿನಲ್ಲಿ ಬಿಳಿಚುವುದು. ನೆರಳಿನ ಮನೆಯಲ್ಲಿ ಹಸುರಾಗಿದ್ದ ಸಂಕರದ ಗಿಡವನ್ನು ಬಯಲಿಗೆ ತಂದೊಡನೆ ಎಲೆ ಬೆಳ್ಳಗಾದರೆ ಬಿಸಿಲಿನ ಝಳವೊಂದನ್ನೇ ದೂರಬಾರದೆಂಬುದಕ್ಕೆ ಇದು ನಿದರ್ಶನ.

ಹೂವಿನ ವ್ಯಾಪಾರದಲ್ಲಿ ಈ ವೈಮನಸ್ಯದಿಂದಾದ ನಷ್ಟವು ಸಾಮಾನ್ಯವಲ್ಲ. ದಕ್ಷಿಣ ಆಫ್ರಿಕಾ ಮೂಲದ ಕ್ಯಾಲಾ ಲಿಲಿಗಳಲ್ಲಿ ಬಿಳಿಯ ಹೂವಿನ ದೊಡ್ಡ ಜಾತಿಯೊಂದು. ಹಳದಿ, ಗುಲಾಬಿ ಬಣ್ಣಗಳ ಜಾತಿಗಳು ಬೇರೆ. ಬಣ್ಣದ ಜಾತಿಗಳ ಗಡ್ಡೆಯು ಮೆತ್ತನೆಯ ಕೊಳೆರೋಗಕ್ಕೆ ಬೇಗ ತುತ್ತಾಗುವುದು. ಬಿಳಿಯ ಜಾತಿಯು ಅದನ್ನು ಚೆನ್ನಾಗಿ ತಾಳುವುದು. ಎರಡನ್ನೂ ಕೂಡಿಸಿ, ಕೊಳೆಯದ ಬಣ್ಣದ ಹೂವನ್ನು ಪಡೆಯಬೇಕೆಂದು ತಳಿಗಾರರು ಪಟ್ಟ ಪ್ರಯತ್ನಗಳಲ್ಲಿ ಹುಟ್ಟಿದ ಸಸಿಗಳು ಬಿಳಿಚಿ ಸತ್ತುವು. ನ್ಯೂಜಿಲೆಂಡಿನ ಸಂಶೋಧಕರು ೧೯೯೪ರಲ್ಲಿ, ಇದಕ್ಕೆ ಹರಿತ್ಕಣಕ್ಕೂ ಸಂಕರದ ಕಣಕೇಂದ್ರಕ್ಕೂ ಹೊಂದಿಕೆಯಿಲ್ಲದಿರುವುದೇ ಕಾರಣವೆಂದು ತೋರಿಸಿದರು.

ಹೊಲದ ಪೈರಿಗೂ ಇದೇ ತೊಡಕು ಬಂದಿತು. ಎಲೆಕೋಸು, ಸಾಸಿವೆ ಜಾತಿಗಳಲ್ಲಿ ಮಿಶ್ರತಳಿಯ ಬೀಜವನ್ನು ಅಗ್ಗವಾಗಿ ತಯಾರಿಸಬೇಕಾದರೆ ಹೆಣ್ಣುಗಿಡದಲ್ಲಿ ಪರಾಗವೇ ಹುಟ್ಟಬಾರದು. ೧೯೬೮ರಲ್ಲಿ ಜಪಾನಿನ ಒಗುರ ಎಂಬಾತನು ಪರಾಗವಿಲ್ಲದ ಒಂದು ಮೂಲಂಗಿಯನ್ನು ಕಂಡುಹಿಡಿದನು. ಈ ಗುಣವು ತಾಯಿಯ ಕಡೆಯಿಂದಲೇ ಇಳಿಯತಕ್ಕದ್ದಾದುದರಿಂದ, ಫ್ರಾನ್ಸಿನ ವಿದ್ವಾಂಸರು ಆ ಮೂಲಂಗಿಯನ್ನು ತಾಯಿಯಾಗಿಟ್ಟುಕೊಂಡು, ೧೯೭೪ರ ಹೊತ್ತಿಗೆ ಕೋಸಿನ ಕುಲಕ್ಕೆ ಅದನ್ನು ತಂದರು. ಪರಾಗಹೀನತೆಯೇನೋ ಬಂದಿತು, ಆದರೆ ತಾಯಿಯ ಮನೆಯಿಂದ ಮೂಲಂಗಿಯ ಹರಿತ್ಕಣಗಳೂ ಕೂಡಿಯೇ ಬಂದುವು. ಕೋಸಿನ ಕಣಕೇಂದ್ರಕ್ಕೂ ಅವಕ್ಕೂ ಒಗ್ಗದೆ, ಚಳಿ ಬಿದ್ದೊಡನೆ ಎಲೆಗಳು ಹಳದಿಯಾದುವು. ಕೋಸು ಚಳಿಗಾಲದ ಬೆಳೆಯೆಂಬುದನ್ನು ನೆನೆದರೆ ಇದು ಎಂತಹ ಸಂಕಟವೆಂಬುದು ತಿಳಿಯುವುದು. ಪರಾಗಹೀನತೆಯು ಹರಿತ್ಕಣದಲ್ಲಿರದೆ, ಜೀವಕಣದ ಉಸಿರಾಟದ ಕೆಲಸ ನೋಡುವ ಮೈಟೊಕಾಂಡ್ರಿಯ ಎಂಬ ಬೇರೆ ಕಣಗಳಲ್ಲಿತ್ತು. ಇದರಿಂದ ಬಿಡುಗಡೆಯ ದಾರಿ ದೊರೆಯಿತು. ಪೆಲ್ಟಿಯೆ ಮತ್ತು ಅವನ ಸಂಗಡಿಗರು, ಹೊರಗೋಡೆಯನ್ನು ಕರಗಿಸಿದ ಜೀವಕಣಗಳನ್ನು ಜೊತೆಗೂಡಿಸಿ, ಮೈಟೊಕಾಂಡ್ರಿಯದ ಪರಾಗಹೀನತೆ ಉಳಿದು ಹರಿತ್ಕಣ ಮಾತ್ರ ಸ್ವಕುಲದ್ದಾಗಿರುವ ಗಿಡಗಳನ್ನು ಆರಿಸಿ, ೧೯೮೩ರಲ್ಲಿ ಪ್ರಕಟಿಸಿದರು. ಅವು ಚಳಿಯಲ್ಲಿಯೂ ಹಸುರಾಗಿಯೇ ಇದ್ದುವು. ಸಾಸಿವೆಗೆ ಬೇರೊಂದು ಕಾಡುಗಿಡದಿಂದ ಪರಾಗಹೀನತೆಯನ್ನು ತಂದಾಗ ಒದಗಿದ ಇಂತಹದೇ ಬಿಳುಪನ್ನು ಹೊಸ ದೆಹಲಿಯ ಸಂಶೋಧಕರು ಇದೇ ಉಪಾಯದಿಂದ ನಿವಾರಿಸಿ ೧೯೯೮ರಲ್ಲಿ ವರದಿಮಾಡಿದರು.

ಇಷ್ಟನ್ನು ಓದಿ ಸಂಕರವೆಂದರೆ ಭಯಪಡಬೇಕಾಗಿಲ್ಲ. ಧಾರವಾಡದಲ್ಲಿ ಸಿದ್ಧವಾಗಿ ೧೯೭೨ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯು ಎರಡು ಭಿನ್ನ ಜಾತಿಗಳ ಸಂಕರ. ಲಕ್ಷ್ಮಿ ಹತ್ತಿಯು ಅದರ ತಾಯಿ. ಅದರಲ್ಲಿ ಬಿಳುಪಿನ ತೊಂದರೆಯೇಳಲಿಲ್ಲ. ಆ ಎರಡು ಜಾತಿಗಳ ಹರಿತ್ಕಣಗಳೂ ಪುರಾತನವಾದ ಒಂದೇ ತಾಯಿಯ ಬಳ್ಳಿಯಿಂದ ಬಂದವುಗಳಾಗಿವೆ. ನೊಗದ ಎತ್ತುಗಳು ಒಂದೇ ಹಟ್ಟಿಯವು. ಬಂಧುತ್ವವು ದೂರವಾದಷ್ಟೂ ತೊಡಕು ಹೆಚ್ಚು. ಒಂದೇ ಜಾತಿಯ ಎರಡು ತಳಿಗಳನ್ನು ಕೂಡಿಸುವಲ್ಲಿ ಇದು ತೀರ ಅಪರೂಪ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಿನಲ್ಲಿ ನಡೆಯುವಂತೆ, ಮಿಶ್ರತಳಿಯ ಬೀಜವನ್ನು ಕೈಕೂಟದಿಂದ ತಯಾರಿಸುವವರು ಹೆಣ್ಣುಸಾಲು ಗಂಡುಸಾಲುಗಳನ್ನು ಗೂಟ ನೆಟ್ಟು ಗುರುತು ಮಾಡುವರು. ಆಳುಗಳು ಸಾಲು ತಪ್ಪಿ ಗಂಡುಸಾಲಿನ ಕಾಯಿಯನ್ನು ಕೊಯ್ದು ಸೇರಿಸಿದರೆ, ಬೀಜವು ನೋಡಲು ಒಂದೇ ತೆರನಾಗಿದ್ದರೂ, ಅದರೊಳಗಿನ ಹರಿತ್ಕಣವೂ ಮೈಟೊಕಾಂಡ್ರಿಯವೂ ಬೇರೆ ಮನೆಯವು. ಬೀಜದ ಮೂಟೆಯ ಮೇಲೆ ತಾಯಿಯ ಹೆಸರನ್ನು ಮೊದಲು ಬರೆಯುವ ವಾಡಿಕೆಯು ಅಲಂಕಾರಕ್ಕಲ್ಲ.

ಬಿಳಿಯ ಸಸಿಗಳ ವಿಚಾರದಲ್ಲಿ ಬೀಜದವನ ಮೇಲೆ ದೂರು ಬಂದಾಗ ಮೊದಲು ಪಾತಿಯನ್ನು ನೋಡತಕ್ಕದ್ದು. ಬಿಳುಪು ಒಂದು ಮಗ್ಗುಲಿಗೆ ಸೇರಿ ಹರಡಿದ್ದರೆ ಅದು ಭೂಮಿಯ ದೋಷ, ಅನ್ನಭೇದಿಯಿಂದ ಪರೀಕ್ಷಿಸಬಹುದು. ಬಿಳಿಯ ಸಸಿಗಳು ಹಸುರಿನ ನಡುವೆ ಚೆದರಿದ್ದರೆ, ನಾಲ್ಕೈದು ಕಡೆ ನೂರು ನೂರು ಸಸಿಗಳನ್ನು ಎಣಿಸಿ ಬರೆದಿಡಬೇಕು. ಕಾಲುಪಾಲಿನ ಸುತ್ತಮುತ್ತ ಬಂದರೆ ಬೀಜದ ತಳಿಯಲ್ಲಿ ದೋಷ ಅಡಗಿರುವುದು, ದೂರಿಗೆ ಆಧಾರವುಂಟು. ಸಾವಿರಕ್ಕೆ ಒಂದೆರಡು ಮಾತ್ರವಾದರೆ ಅದು ಪ್ರಕೃತಿಯ ಆಕಸ್ಮಿಕ. ಅದಕ್ಕಾಗಿ ಪಂಚಾಯಿತಿ ಸೇರಿಸುವುದು ಹೊತ್ತು ಕಳೆಯುವ ಕೆಲಸ.

ಹೂದೋಟವುಳ್ಳವರು ಮಚ್ಚೆಯ ಎಲೆಯ ಗಿಡಗಳನ್ನು ಬೀಜದಿಂದ ವೃದ್ಧಿಮಾಡಲು ಹೋಗಬಾರದು. ಮಚ್ಚೆಯಿರುವ ಕೊಂಬೆಯ ಕಡ್ಡಿಯನ್ನೇ ನೆಡಬೇಕು. ಆ ಗಿಡದಲ್ಲಿ ಪೂರ್ತಿ ಹಸುರಾದ ಚಿಗುರು ಹೊರಟರೆ ಕೂಡಲೆ ಬುಡಸಮೇತ ಕತ್ತರಿಸತಕ್ಕದ್ದು. ಬಿಟ್ಟರೆ ಹಸುರು ಕೊಂಬೆಯು ಹೆಚ್ಚು ಆಹಾರ ಮಾಡಿಕೊಂಡು ಬಲಿತು ಮಚ್ಚೆಯ ಕೊಂಬೆಗಳನ್ನು ನುಂಗಿಹಾಕುವುದು. ಹಳದಿಯ ಅಂಚಿನ ಸಾನ್ಸವೇರಿಯ ಗಿಡದ ಎಲೆಯನ್ನು ತುಂಡುಮಾಡಿ ನೆಟ್ಟರೆ ಅಂಚಿಲ್ಲದ ಹಸುರು ಗಿಡವೇ ಬರುವುದು. ಬುಡವನ್ನು ಹಿಳ್ಳುಸಹಿತ ಒಡೆದು ನೆಟ್ಟರೆ ಮಾತ್ರ ಅಂಚು ಉಳಿಯುವುದು. ಕ್ರೋಟನ್ ಗಿಡಗಳ ಬಣ್ಣವಾದರೋ ಬಹುಮಟ್ಟಿಗೆ ಬೇರೆಯ ಕಾರಣದ್ದು.

ಕೊರೆನ್ಸನ ಪ್ರಯೋಗವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಖರ್ಚೇನೂ ಇಲ್ಲ. ಎಲೆಯಲ್ಲಿ ಮಚ್ಚೆಯುಳ್ಳ ಸಂಜೆಮಲ್ಲಿಗೆ ದೊರೆತರೆ, ಅರಳುವ ದಿನ ಮಧ್ಯಾಹ್ನಕ್ಕೆ ಮುಂಚೆ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಕಿತ್ತು, ಕಾಗದದ ಚೀಲ ಕಟ್ಟಿ, ಸಂಜೆ ಬೇಕಾದ ಕೊಂಬೆಯ ಪರಾಗವನ್ನು ಮುಟ್ಟಿಸಿ ಪುನಃ ಚೀಲ ಕಟ್ಟಬೇಕು. ಕೇಸರ ಕೀಳುವುದನ್ನು ಮರೆತರೆ ಪ್ರಯೋಗ ಕೆಡುವುದು. ಈ ಹೂವು ಮುದುಡುವಾಗ ತನ್ನ ಪರಾಗವನ್ನು ತಾನೇ ತಗುಲಿಸಿಕೊಳ್ಳುವುದು. ಒಂದು ಹೂವಿಗೆ ಒಂದೇ ಬೀಜವಾದುದರಿಂದ ಪ್ರತಿ ಬಗೆಗೂ ಇಪ್ಪತ್ತು ಮೂವತ್ತು ಹೂಗಳಾದರೂ ಬೇಕು. ಬೀಜ ಕಪ್ಪಾದ ಮೇಲೆ ಕೊಂಬೆಯ ಬಣ್ಣವನ್ನು ಬರೆದ ಚೀಟಿಯೊಡನೆ ಬೇರೆ ಬೇರೆ ಕುಂಡಗಳಲ್ಲಿ ಬಿತ್ತಿ, ಸಸಿಗಳು ಎರಡು ಎಲೆ ಬಿಟ್ಟ ಕೂಡಲೆ ಎಣಿಸಬೇಕು. ತಡಮಾಡಿದರೆ ಬಿಳಿಯವು ಸತ್ತುಹೋಗಿ ಲೆಕ್ಕ ತಪ್ಪುವುದು.